ನಾಲ್ಕು ಪ್ರಶ್ನೆಗಳಿಗೆ ಅವಕಾಶವಿತ್ತು

ಒಂದು ಕಡೆ ಸುಮ್ಮನೆ ಕೂರುವುದು ನನ್ನಿಂದ ಆಗುವ ಕೆಲಸವಲ್ಲ. ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿಯ ಮೇಲೆ ನನಗಿಂತ ನನ್ನ ಬ್ಯಾಗೇ ಹೆಚ್ಚು ಹೊತ್ತು ಕೂತಿರುತ್ತದೆ. ಪಾಠ ಮಾಡುವಾಗ ಬೋರ್ಡಿನಿಂದ ಕಿಟಕಿಗೆ, ಕಿಟಕಿಯಿಂದ ಕೊನೆಯ ಬೆಂಚಿಗೆ ನಡೆಯುತ್ತಲೇ ಇರುತ್ತೇನೆ. ಯಾರಾದರೂ ಪ್ರಶ್ನೆ ಕೇಳಲು ಎದ್ದರೆ ಅವರ ವಾಕ್ಯ ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಉತ್ತರ ಶುರುವಾಗಿರುತ್ತದೆ. ಬಹಳ ಸಲ ಅದು ಅವರು ಕೇಳಲು ಹೊರಟಿದ್ದರ ಉತ್ತರ ಆಗಿರುವುದಿಲ್ಲ. "ನಿನ್ ಕಾಲಿಗೆ ಯಾರೋ ಚಕ್ರ ಕಟ್ಟವ್ರೆ" ಎಂದು ನಮ್ಮ ಮನೆಯವರು ಮದುವೆಯಾದ ಹೊಸದರಲ್ಲಿ ನಗುತ್ತಾ ಹೇಳುತ್ತಿದ್ದರು. ಈಗಲೂ ಹೇಳುತ್ತಾರೆ, ನಗುವುದಿಲ್ಲ.

ಸಕಲೇಶಪುರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ತಾಲ್ಲೂಕಿಗೂ ಸ್ಪೆಲ್ಲಿಂಗ್ ಬೀ ಬಂತು. ಒಬ್ಬರು ಮೈಕಿನ ಮುಂದೆ ಕೂತು ಇಂಗ್ಲಿಷಿನ ಒಂದು ಪದ ಓದುತ್ತಾರೆ, ಮಕ್ಕಳು ಒಬ್ಬೊಬ್ಬರಾಗಿ ಬಂದು ಅದರ ಅಕ್ಷರಗಳನ್ನು ಬಾಯಲ್ಲೇ ಹೇಳಬೇಕು. ತಪ್ಪಿದರೆ ಗಂಟೆ ಹೊಡೆಯುತ್ತಾರೆ, ಮಗು ಇಳಿದು ಹೋಗಿ ಕೂರುತ್ತದೆ. ನಮ್ಮ ಗಣಿತದ ಮೇಷ್ಟ್ರು "ಇದ್ರಲ್ಲಿ ಜೇನುನೊಣ ಎಲ್ಲಿಂದ ಬಂತು ಮೇಡಂ?" ಎಂದು ಕೇಳಿದ್ದರು. ಈ ಬೀ ಎಂಬುದು ಜೇನುನೊಣವೇ ಅಲ್ಲ, ಅಕ್ಕಪಕ್ಕದ ಮನೆಯವರೆಲ್ಲ ಸೇರಿ ಒಬ್ಬರ ಕೆಲಸ ಮುಗಿಸಿಕೊಡುವುದಕ್ಕೆ ಹಳೆಯ ಇಂಗ್ಲಿಷಿನಲ್ಲಿದ್ದ ಒಂದು ಮಾತಿನಿಂದ ಬಂದದ್ದು ಎಂದು ಹೇಳುವವರಿದ್ದಾರೆ. ಹಾಗಾದರೆ ಅದು ನಮ್ಮ ಕಡೆಯ ಮುಯ್ಯಾಳು. ಇವತ್ತು ನಿಮ್ಮ ಗದ್ದೆ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಹೀಗೆ ವಿವರಿಸಿ ನನಗೆ ಬಹಳ ಖುಷಿಯಾಯಿತು. ಗಣಿತದ ಮೇಷ್ಟ್ರು ಅಷ್ಟೊತ್ತಿಗೆ ಎದ್ದು ಹೋಗಿದ್ದರು.

ಪದಗಳ ಹುಚ್ಚು ನನಗೆ ಚಿಕ್ಕಂದಿನದು. ನಾನು ಹುಟ್ಟಿದ್ದು ಹೆತ್ತೂರು ಹೋಬಳಿಯ ಒಂದು ಎಸ್ಟೇಟಿನಲ್ಲಿ. ಅಪ್ಪ ಅಲ್ಲಿ ರೈಟರ್ ಆಗಿದ್ದರು, ಅಂದರೆ ಆಳುಗಳ ಹಾಜರಿ ಬರೆಯುವವರು. ಬಂಗಲೆಯಲ್ಲಿ ಓದಿ ಬಿಸಾಕಿದ ಇಂಗ್ಲಿಷ್ ಪೇಪರುಗಳನ್ನು ಸಂಜೆ ಮಡಿಸಿ ತರುತ್ತಿದ್ದರು. ನಾನು ಅವನ್ನು ಓದಿದೆ. ಓದಿದೆ ಎಂದರೆ ಕಣ್ಣಿನಲ್ಲಿ ಓದಿದೆ. ಬಂಗಲೆಯವರನ್ನು ಬಿಟ್ಟರೆ ಆ ಪದಗಳನ್ನು ಬಾಯಿಬಿಟ್ಟು ಹೇಳುವವರು ಸುತ್ತ ನಾಲ್ಕು ಮೈಲಿಯಲ್ಲಿ ಯಾರೂ ಇರಲಿಲ್ಲ. ಹಾಸನದ ಕಾಲೇಜಿಗೆ ಸೇರಿದ ಮೊದಲ ತಿಂಗಳಲ್ಲೇ ಪಾಠ ಗಟ್ಟಿಯಾಗಿ ಓದಲು ಎಬ್ಬಿಸಿದರು. ಸೈನ್ಯದ ಅಧಿಕಾರಿಯೊಬ್ಬನ ಕಥೆ ಅದು. ಕರ್ನಲ್ ಎನ್ನಬೇಕಾದಲ್ಲಿ ನಾನು ಕಂಡಂತೆ "ಕೊಲೊನೆಲ್" ಎಂದು ಓದಿದೆ, ಅದೂ ಪುಟವಿಡೀ. ಮೊದಲು ಮುಂದಿನ ಬೆಂಚು ನಕ್ಕಿತು, ಆಮೇಲೆ ಇಡೀ ಕ್ಲಾಸು, ಕೊನೆಗೆ ಲೆಕ್ಚರರೂ ನಕ್ಕರು. ಬರೆಯುವುದು ಇಟಲಿಯ ರೂಪದಂತೆ, ಹೇಳುವುದು ಹಳೆಯ ಫ್ರೆಂಚಿನ ಬಾಯಿಯಂತೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಗೊತ್ತಾದ ದಿನ ಆ ಲೆಕ್ಚರರ ವಿಳಾಸ ಹುಡುಕಿ ಕಾಗದ ಬರೆಯಬೇಕು ಎನ್ನಿಸಿತ್ತು. ಕಾಲೇಜಿನ ಆ ದಿನದಿಂದ ರೇಡಿಯೋ ಕೇಳಿ, ಈಗ ಫೋನು ಕೇಳಿ, ಒಂದೊಂದೇ ಪದವನ್ನು ಬಚ್ಚಲುಮನೆಯಲ್ಲಿ ಗಟ್ಟಿಯಾಗಿ ಹೇಳಿಕೊಂಡು ನಾಲಿಗೆ ತಿದ್ದಿಕೊಂಡಿದ್ದೇನೆ. ಆದರೂ ಆ ನಗು ನನ್ನ ಕಿವಿಯಿಂದ ಪೂರ್ತಿ ಹೋಗಿಲ್ಲ.

ನಾನು ಹೇಳಹೊರಟ ಹುಡುಗಿ ಎಂಟನೇ ಕ್ಲಾಸಿಗೆ ನಮ್ಮಲ್ಲಿಗೆ ಬಂದು ಸೇರಿದಳು. ಊರು ಮಾರನಹಳ್ಳಿ, ಶಿರಾಡಿ ಘಾಟಿಯ ನೆತ್ತಿಯ ಮೇಲೆ, ಹೆದ್ದಾರಿಗೆ ಅಂಟಿಕೊಂಡ ಮನೆ. ಮೂರು ಎಕರೆ ಕಾಫಿ, ಒಂದಿಷ್ಟು ಮೆಣಸು. ಘಾಟಿಯಲ್ಲಿ ಮಣ್ಣು ಕುಸಿದು ರಸ್ತೆ ನಿಂತಾಗಲೆಲ್ಲ ಲಾರಿಗಳು ಅವಳ ಮನೆಯ ಮುಂದೆ ಸಾಲುಗಟ್ಟುತ್ತವೆ. ಅಜ್ಜಿ ಬಿಂದಿಗೆಯಲ್ಲಿ ನೀರು ತಂದುಕೊಡುತ್ತಾಳೆ. ಇವಳು ಜೊತೆಗೆ ಹೋಗಿ ಒಬ್ಬೊಬ್ಬ ಡ್ರೈವರನ್ನೂ ನಿಲ್ಲಿಸಿ ಕೇಳುತ್ತಾಳೆ: ಯಾವೂರು, ಏನು ಲೋಡು, ಮನೇಲಿ ಯಾರ್ಯಾರವ್ರೆ, ನೀರಿಗೆ ನಿಮ್ಮ ಭಾಷೇಲಿ ಏನಂತಾರೆ. ಇದು ನಮ್ಮ ಸೀಮೆಯ ಗುಣ. ಬಸ್ಸಿನಲ್ಲಿ ಪಕ್ಕ ಕೂತವರನ್ನು ಇಳಿಯುವುದರೊಳಗೆ ಅವರ ಅಜ್ಜನ ಕಾಲದವರೆಗೂ ವಿಚಾರಿಸಿಬಿಡುತ್ತೇವೆ. ಅದೇ ನಾವು ಮನೆಯ ಹಿರಿಯರ ಮುಂದೆ, ಮೇಷ್ಟ್ರ ಮುಂದೆ ಬಾಯಿ ಬಿಡುವುದಿಲ್ಲ. ಅಲ್ಲಿ ಪ್ರಶ್ನೆಯೆಂದರೆ ಎದುರು ಮಾತು.

ಹುಡುಗಿಯ ಹತ್ತಿರ ಇನ್ನೂರು ಪುಟದ ಒಂದು ನೋಟ್‌ಬುಕ್ಕಿತ್ತು. ಸ್ಕೇಲಿಟ್ಟು ನಾಲ್ಕು ಅಂಕಣ ಎಳೆದಿದ್ದಳು. ಮೊದಲನೆಯದರಲ್ಲಿ ಪದ, ಎರಡನೆಯದರಲ್ಲಿ ಅದನ್ನು ಹೇಳುವ ರೀತಿ ಕನ್ನಡದಲ್ಲಿ, ಮೂರನೆಯದರಲ್ಲಿ ಅರ್ಥ. ನಾಲ್ಕನೆಯ ಅಂಕಣದ ತಲೆಯ ಮೇಲೆ "ಊರು" ಎಂದು ಬರೆದಿದ್ದಳು. ಪದ ಹುಟ್ಟಿದ ಭಾಷೆಗೆ ಅವಳಿಟ್ಟ ಹೆಸರು ಅದು. ನಮ್ಮ ಲೈಬ್ರರಿಯಲ್ಲಿ ಒಂದು ಹಳೆಯ ದಪ್ಪ ನಿಘಂಟು ಇದೆ, ಎಸ್ ಅಕ್ಷರದ ಅರ್ಧದಿಂದಾಚೆಗೆ ಗೆದ್ದಲು ತಿಂದದ್ದು. ಊಟದ ಬಿಡುವಿನಲ್ಲಿ ಅದರ ಮುಂದೆ ಕೂತು ಒಂದೊಂದು ಪದದ ಊರು ಹುಡುಕುತ್ತಿದ್ದಳು. ಶುಂಠಿಗೆ ಇಂಗ್ಲಿಷರು ಹೇಳುವ ಜಿಂಜರ್ ತಮಿಳು ಮಲಯಾಳದ ಇಂಜಿಯಿಂದ ಹೊರಟು, ಪ್ರಾಕೃತ, ಗ್ರೀಕ್, ಲ್ಯಾಟಿನ್ ದಾಟಿ ಲಂಡನ್ನಿಗೆ ಹೋದದ್ದು ಎಂದು ಗೊತ್ತಾದ ದಿನ ಓಡಿ ಬಂದು ನನಗೆ ತೋರಿಸಿದಳು. ಅವರ ಚಿಕ್ಕಪ್ಪ ಆಲೂರಿನ ಕಡೆ ಗದ್ದೆ ಗುತ್ತಿಗೆ ಹಿಡಿದು ಶುಂಠಿ ಬೆಳೆಯುತ್ತಿದ್ದರು.

"ನಮ್ ಚಿಕ್ಕಪ್ಪಂಗೆ ಹೇಳಿದ್ರೆ ನಂಬಾದೇ ಇಲ್ಲ ಮಿಸ್" ಎಂದಳು.

ಕಾಫಿ ಅರಬ್ಬಿಯದು, ಮಾನ್ಸೂನ್ ಕೂಡ ಅರಬ್ಬಿಯದು, ಋತು ಎಂಬ ಅರ್ಥದ್ದು. ಆನಿಕಟ್ ಎಂಬುದು ನಮ್ಮ ಅಣೆಕಟ್ಟಿನ ತಮಿಳು ದಾಯಾದಿ. ಇವನ್ನೆಲ್ಲ ಅವಳು ನೆಂಟರ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದಳು. ನನಗೆ ಅವಳನ್ನು ಕಂಡರೆ ಹೊಟ್ಟೆ ತಣ್ಣಗಾಗುತ್ತಿತ್ತು. ಇವಳನ್ನು ಗೆಲ್ಲಿಸಲೇಬೇಕು ಎಂದುಕೊಂಡೆ. ಅಲ್ಲಿಗೆ ನನ್ನ ಕಾಲಿನ ಚಕ್ರ ತಿರುಗತೊಡಗಿತು.

ಸ್ಪರ್ಧೆ ಒಂಬತ್ತನೇ ಕ್ಲಾಸಿನವರೆಗೆ ಮಾತ್ರ. ಅವಳು ಒಂಬತ್ತರಲ್ಲಿದ್ದಳು, ಆದ್ದರಿಂದ ಅವಳಿಗಿದ್ದದ್ದು ಅದೊಂದೇ ಸಲ. ಮೊದಲು ಬಂದವರನ್ನು ಮೈಸೂರಿನ ದೊಡ್ಡ ಸ್ಪರ್ಧೆಗೆ ಕರೆದುಕೊಂಡು ಹೋಗುತ್ತಾರೆ. ಮೂರು ದಿನ ಅಲ್ಲೇ ಇರಬೇಕು, ಬೇರೆ ಬೇರೆ ಜಿಲ್ಲೆಗಳಿಂದ ಪದಗಳ ಹುಚ್ಚಿರುವ ಮಕ್ಕಳು ಬರುತ್ತಾರೆ. "ಅಲ್ಲಿಗೆ ಬರೋರೂ ನನ್ ತರಾನೇ ಬುಕ್ಕಲ್ಲಿ ಊರು ಬರಕಂಡಿರ್ತಾರಾ ಮಿಸ್?" ಎಂದು ಒಮ್ಮೆ ಕೇಳಿದ್ದಳು. ಅವಳಿಗೆ ಬೇಕಿದ್ದದ್ದು ಬಹುಮಾನದ ಕಪ್ಪಲ್ಲ, ಸರ್ಟಿಫಿಕೇಟೂ ಅಲ್ಲ. ಮಾರನಹಳ್ಳಿಯಲ್ಲಾಗಲಿ ನಮ್ಮ ಸ್ಕೂಲಿನಲ್ಲಾಗಲಿ ಅವಳ ಆ ನಾಲ್ಕನೆಯ ಅಂಕಣದ ಸುದ್ದಿ ಕೇಳುವವರು ಯಾರೂ ಇರಲಿಲ್ಲ. ಅಂಥವರು ಮೈಸೂರಿನಲ್ಲಿ ಸಿಗುತ್ತಾರೆ ಎಂದು ಅವಳು ನಂಬಿದ್ದಳು.

ದಿನಾ ಸಂಜೆ ನಾಲ್ಕೂವರೆಯಿಂದ ಐದೂಕಾಲರವರೆಗೆ ಅಭ್ಯಾಸ. ಐದೂವರೆಗೆ ಅವಳ ಬಸ್ಸು. ಮುಕ್ಕಾಲು ಗಂಟೆಯಲ್ಲಿ ಐವತ್ತು ಪದ ಮುಗಿಸಬೇಕು ಎಂದು ನಾನು ಪಣ ತೊಟ್ಟಿದ್ದೆ. ವರಾಂಡದಲ್ಲಿ ನಾನು ಆ ಕೊನೆಯಿಂದ ಈ ಕೊನೆಗೆ ನಡೆಯುತ್ತಾ ಪದ ಹೇಳುವುದು, ಅವಳು ಕಂಬಕ್ಕೆ ಒರಗಿ ನಿಂತು ಅಕ್ಷರ ಹೇಳುವುದು. ಮೊದಲ ವಾರ ಮೆಲಂಕಲಿ ಎಂಬ ಪದ ಬಂತು, ಮಂಕು ಕವಿಯುವುದು ಎಂಬ ಅರ್ಥದ್ದು. ಗ್ರೀಕರ ವೈದ್ಯದ ಪ್ರಕಾರ ಅದು ಕಪ್ಪು ಪಿತ್ತ ಎಂದು ನಾನೇ ಉತ್ಸಾಹದಿಂದ ಹೇಳಿದೆ.

"ನಮ್ಮಜ್ಜಿಗೂ ಬೆಳಗೆದ್ರೆ ಪಿತ್ತ ಮಿಸ್. ಜೀರ್ಗೆ ಕಷಾಯ ಕುಡಿತಾಳೆ. ಗ್ರೀಕ್‌ನೋರು ಏನ್ ಕುಡಿತಿದ್ರು?"

ಇಬ್ಬರೂ ನಕ್ಕೆವು. ಆಮೇಲೆ ನಾನು ಗಡಿಯಾರ ನೋಡಿದೆ. ಹತ್ತು ಪದ ಹಿಂದೆ ಬಿದ್ದಿದ್ದೆವು. ಮುಂದಿನ ಪದಕ್ಕೆ ಅವಳು "ಇದು ಯಾವೂರಿಂದು ಮಿಸ್?" ಎಂದಾಗ "ಊರು ಕೇರಿ ಎಲ್ಲಾ ಆಮೇಲೆ, ಮೊದ್ಲು ಸ್ಪೆಲ್ಲಿಂಗ್ ಹೇಳು" ಎಂದೆ. ಮರುದಿನ ಮತ್ತೆ ಕೇಳಿದಳು, ಮತ್ತೆ ಹಾಗೇ ಅಂದೆ. ಮೂರನೆಯ ಸಲ ನಾನು ಮಾತೂ ಆಡಲಿಲ್ಲ. ನಿಂತು, ಹುಬ್ಬು ಮೇಲೇರಿಸಿ ಅವಳನ್ನು ನೋಡಿದೆ. ನನ್ನ ಹುಬ್ಬು ಮೇಲೇರಿತೆಂದರೆ ಬೇಗ ಮುಗಿಸು, ನನ್ನ ತಾಳ್ಮೆ ಮುಗಿಯಿತು ಎಂದರ್ಥ. ನಮ್ಮ ಸ್ಕೂಲಿನ ಆರುನೂರು ಮಕ್ಕಳಿಗೂ ಅದು ಗೊತ್ತು. ಅವಳು ತಟಕ್ಕನೆ ಅಕ್ಷರ ಹೇಳಿ ಮುಗಿಸಿದಳು. ಆಮೇಲೆ ಕೇಳುವುದನ್ನೇ ಬಿಟ್ಟಳು. ಹುಡುಗಿ ಪಳಗಿದಳು ಎಂದು ನಾನು ಸಂತೋಷಪಟ್ಟೆ. ಐವತ್ತು ಪದ ಅರವತ್ತಾಯಿತು, ಅರವತ್ತು ಎಪ್ಪತ್ತೈದಾಯಿತು.

ಸ್ಪರ್ಧೆಯಲ್ಲಿ ಮಗು ನಾಲ್ಕು ಪ್ರಶ್ನೆ ಕೇಳಬಹುದು. ಇನ್ನೊಮ್ಮೆ ಹೇಳಿ, ಅರ್ಥವೇನು, ವಾಕ್ಯದಲ್ಲಿ ಬಳಸಿ ಹೇಳಿ, ಯಾವ ಭಾಷೆಯಿಂದ ಬಂದದ್ದು. ಕೇಳಿದರೆ ಮಾತ್ರ ಓದುವವರು ಹೇಳಬೇಕು, ತಾವಾಗಿ ಬಾಯಿ ಬಿಡುವಂತಿಲ್ಲ. ಇದನ್ನು ಅವಳಿಗೆ ಹೇಳಿದ್ದೆನೇ ಎಂದರೆ ಹೇಳಿದ್ದೆ, ಹಿಂದಿನ ದಿನ, ಬಸ್ ಸ್ಟ್ಯಾಂಡಿನ ಕಡೆ ದಾಪುಗಾಲು ಹಾಕುತ್ತಾ. "ಗೊತ್ತಾಗ್ಲಿಲ್ಲ ಅಂದ್ರೆ ಕೇಳು, ನಾಲ್ಕ್ ಪ್ರಶ್ನೆ ಐತೆ" ಎಂದೆ. ಮೂರು ತಿಂಗಳು ಬಾಯಿ ಮುಚ್ಚಿಸಿ, ಮೂರು ನಿಮಿಷದಲ್ಲಿ ತೆರೆಯಲು ಹೇಳಿದೆ. ಅವಳು ತಲೆಯಾಡಿಸಿದಳು.

ಸ್ಪರ್ಧೆ ನಡೆದದ್ದು ಆಗಸ್ಟ್ ಕೊನೆಯ ಒಂದು ಶನಿವಾರ, ಪೇಟೆಯ ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನವೇ ಘಾಟಿಯಲ್ಲಿ ಮಣ್ಣು ಕುಸಿದಿತ್ತು. ಪದ ಓದಬೇಕಾದವರು ಮಂಗಳೂರಿನಿಂದ ಬರುವವರು, ಬೆಳಿಗ್ಗೆಯಿಂದ ಗುಂಡ್ಯದ ಹತ್ತಿರ ಕಾರಿನಲ್ಲಿ ಸಿಕ್ಕಿಬಿದ್ದಿದ್ದರು. ಹತ್ತಕ್ಕೆ ಶುರುವಾಗಬೇಕಾದದ್ದು ಹನ್ನೊಂದಾದರೂ ಶುರುವಾಗಲಿಲ್ಲ. ನಾನು ಮಂಟಪದ ಬಾಗಿಲಿಗೂ ಗೇಟಿಗೂ ಎಷ್ಟು ಸಲ ಓಡಾಡಿದೆನೋ ಲೆಕ್ಕವಿಲ್ಲ. ಹುಡುಗಿ ಮಾತ್ರ ಆರಾಮಾಗಿದ್ದಳು. ಅಜ್ಜಿ ಕೊಡಿಸಿದ ಹೊಸ ಚೂಡಿದಾರ ಹಾಕಿಕೊಂಡು, ಬೇರೆ ಸ್ಕೂಲಿನ ಹುಡುಗಿಯರ ನಡುವೆ ಕೂತು, "ನಿಮ್ದು ಯಾವೂರು, ನೀವು ಎಷ್ಟ್ ಪದ ಕಲ್ತಿದೀರ" ಎಂದು ವಿಚಾರಿಸುತ್ತಿದ್ದಳು.

ಆಗ ಕಾರ್ಯಕ್ರಮ ನಡೆಸುತ್ತಿದ್ದ ನಿವೃತ್ತ ಹೆಡ್‌ಮಾಸ್ಟರು ನನ್ನ ಹತ್ತಿರ ಬಂದರು.

"ಮೇಡಂ, ಅವ್ರು ಬರಂಗೆ ಕಾಣಲ್ಲ. ನೀವೇ ಓದ್ಬುಡಿ. ಪದದ ಪಟ್ಟಿ ಸೀಲ್ ಆಗೈತೆ, ಯಾರು ಓದಿದ್ರೂ ಒಂದೇಯ."

"ನನ್ ಹುಡುಗಿನೇ ಸ್ಪರ್ಧೆಲಿ ಇದಾಳಲ್ಲ ಸಾರ್" ಎಂದೆ.

ಕೆ. ಹೊಸಕೋಟೆಯಿಂದ ಬಂದಿದ್ದ ಇಂಗ್ಲಿಷ್ ಮೇಷ್ಟ್ರೊಬ್ಬರು ಪಕ್ಕದಲ್ಲೇ ಇದ್ದರು. ಅವರ ಸ್ಕೂಲಿನ ಮಕ್ಕಳು ಆ ವರ್ಷ ಬಂದಿರಲಿಲ್ಲ, ನೋಡಿಕೊಂಡು ಹೋಗಲು ಬಂದಿದ್ದರು. ಅವರು ಎದ್ದು, "ಬೇಕಾದ್ರೆ ನಾನ್ ಓದ್ತೀನಿ ಸಾರ್, ನಂಗೇನ್ ತೊಂದ್ರೆ ಇಲ್ಲ" ಎಂದರು. ಒಳ್ಳೆಯ ಮನುಷ್ಯ. ಉಚ್ಚಾರಣೆ ಅಷ್ಟಕ್ಕಷ್ಟೆ, ಹಿಂದೊಮ್ಮೆ ಟ್ರೈನಿಂಗಿನಲ್ಲಿ ಕೇಳಿದ್ದೆ. ಹೆಡ್‌ಮಾಸ್ಟರು ನನ್ನ ಮುಖ ನೋಡಿ, "ನಿಮ್ಮಷ್ಟ್ ಚೆನ್ನಾಗಿ ಯಾರ್ ಓದ್ತಾರೆ ಬುಡಿ" ಎಂದರು. ಆ ಒಂದು ಮಾತಿಗೆ ನಾನು ಕರಗಿಹೋದೆ. ಹೊಸಕೋಟೆಯ ಮೇಷ್ಟ್ರಿಗೆ "ಪರವಾಗಿಲ್ಲ ಸಾರ್, ನಾನೇ ಓದ್ತೀನಿ" ಎಂದು ಹೇಳಿ, ಸೆರಗು ಸರಿಮಾಡಿಕೊಂಡು, ಮೈಕಿನ ಮುಂದೆ ಹೋಗಿ ಕೂತೆ.

ವೇದಿಕೆಯಿಂದ ಅವಳು ಕಂಡಳು. ನನ್ನನ್ನು ನೋಡಿದ್ದೇ ಮಾತು ನಿಲ್ಲಿಸಿ, ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ತೊಡೆಯ ಮೇಲಿಟ್ಟು ಕೂತಳು. ನಮ್ಮ ಮಿಸ್ಸೇ ಓದುತ್ತಾರೆ ಎಂದು ಧೈರ್ಯ ಬಂತು ಅವಳಿಗೆ, ಎಂದುಕೊಂಡೆ.

ನಾನು ಚೆನ್ನಾಗಿಯೇ ಓದಿದೆ. ಅದನ್ನು ಮುಚ್ಚಿಡುವುದಿಲ್ಲ. ಮಂಟಪದ ಮೂಲೆಮೂಲೆಗೂ ನನ್ನ ದನಿ ಹೋಗಿ ಮುಟ್ಟುತ್ತಿತ್ತು, ಒಂದು ಪದವೂ ಎಡವಲಿಲ್ಲ. ಪೇಟೆಯ ಬೇರೆ ಸ್ಕೂಲುಗಳ ಮಕ್ಕಳು ಪ್ರತಿ ಪದಕ್ಕೂ ನಾಲ್ಕು ಪ್ರಶ್ನೆ ಕೇಳಿದರು. ಒಬ್ಬ ಹುಡುಗನಂತೂ ಗೊತ್ತಿದ್ದ ಪದಕ್ಕೂ ಅರ್ಥ ಕೇಳಿ, ವಾಕ್ಯ ಕೇಳಿ, ಮೂಲ ಕೇಳಿ, ಇನ್ನೊಮ್ಮೆ ಹೇಳಿ ಎಂದು, ಆಮೇಲೆ ನಿಧಾನವಾಗಿ ಅಕ್ಷರ ಹೇಳುತ್ತಿದ್ದ. ನನಗೆ ಒಳಗೊಳಗೇ ರೇಗುತ್ತಿತ್ತು. ನಮ್ಮ ಹುಡುಗಿ ಒಂದನ್ನೂ ಕೇಳಲಿಲ್ಲ. ನಾನು ಪದ ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಅವಳ ಅಕ್ಷರಗಳು ಮುಗಿದಿರುತ್ತಿದ್ದವು. ಜನ ಚಪ್ಪಾಳೆ ತಟ್ಟಿದರು. ನಾನು ಹಿಗ್ಗಿ ಹೀರೇಕಾಯಾದೆ. ಎಪ್ಪತ್ತೈದು ಪದದ ಅಭ್ಯಾಸ ಎಂದರೆ ಇದು ಎಂದು ಎಲ್ಲರಿಗೂ ಕೂಗಿ ಹೇಳಬೇಕೆನಿಸಿತು.

ಕೊನೆಗೆ ಉಳಿದದ್ದು ಇಬ್ಬರು, ಆ ನಿಧಾನದ ಹುಡುಗ ಮತ್ತು ಇವಳು. ಅವನು ತನ್ನ ಪದ ಸರಿಯಾಗಿ ಹೇಳಿದ. ಇವಳ ಸರದಿಗೆ ಪಟ್ಟಿಯಲ್ಲಿದ್ದ ಪದ ಸಣ್ಣದು, ಕ್ಯಾಝಂ. ಆಳವಾದ ಕಮರಿ, ನೆಲ ಬಾಯಿ ತೆರೆದುಕೊಂಡಂಥ ಕಂದರ. ಗ್ರೀಕಿನದು. ಮೂಲವೂ ಅರ್ಥವೂ ಪದದ ಪಕ್ಕದಲ್ಲೇ ನನ್ನ ಹಾಳೆಯಲ್ಲಿ ಅಚ್ಚಾಗಿತ್ತು. ನಾನು ಪದ ಓದಿದೆ.

ಅವಳು ತಟಕ್ಕನೆ ಹೇಳಲಿಲ್ಲ. ಬೆರಳಿನಿಂದ ಅಂಗೈ ಮೇಲೆ ಏನೋ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಹತ್ತು ಸೆಕೆಂಡಾಯಿತು. ಕೇಳು ಎಂದುಕೊಂಡೆ. ಒಂದೇ ಒಂದು ಪ್ರಶ್ನೆ ಕೇಳು. ಯಾವೂರಿಂದು ಅಂತ ಕೇಳು, ಗ್ರೀಕ್ ಅನ್ನುತ್ತೇನೆ, ಗ್ರೀಕಿನ ಕಕಾರಕ್ಕೆ ಸಿ ಎಚ್ ಬರೆಯಬೇಕೆಂದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಅರ್ಥ ಕೇಳು, ನಿನ್ನ ಮನೆಯ ಹಿಂದೆಯೇ ಇದೆ ಅದು. ಕಾಲು ಮೇಜಿನ ಕೆಳಗೆ ತಾನೇ ತಾನಾಗಿ ಕುಣಿಯುತ್ತಿತ್ತು. ಬಾಯಿ ಬಿಡುವಂತಿರಲಿಲ್ಲ. ಇಪ್ಪತ್ತು ಸೆಕೆಂಡಾಯಿತು. ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ಕೇಳು ಎಂದು ಹುರಿದುಂಬಿಸಲು ನನಗೆ ತೋಚಿದ್ದು ಒಂದೇ. ನಾನು ಹುಬ್ಬು ಮೇಲೇರಿಸಿದೆ.

ಅವಳು ಬೆಚ್ಚಿ, ಉಸಿರೂ ತೆಗೆದುಕೊಳ್ಳದೆ, ಕೆ ಎಂದು ಶುರುಮಾಡಿ ಬಾಯಿಗೆ ಬಂದ ಅಕ್ಷರ ಹೇಳಿ ಮುಗಿಸಿದಳು. ಗಂಟೆ ಹೊಡೆಯಿತು. ಮುಂದಿನ ಪದಕ್ಕೆ ಆ ಹುಡುಗ ನಾಲ್ಕೂ ಪ್ರಶ್ನೆ ಕೇಳಿ ಗೆದ್ದ. ಅವನ ಗೆಲುವನ್ನು ಮೈಕಿನಲ್ಲಿ ಹೇಳಿದವಳೂ ನಾನೇ.

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಏನಾದರೂ ಮಾಡಲು ಕೆಲಸವಿರುತ್ತಿತ್ತು. ಎರಡನೇ ಬಹುಮಾನದ ಪೆನ್ನಿನ ಡಬ್ಬಿ ಇಸಕೊಂಡು, ಎಲ್ಲರಿಗೂ ನಮಸ್ಕಾರ ಮಾಡಿ, ಚಪ್ಪಲಿ ಹುಡುಕಿಕೊಂಡಳು. ನಾನೇ ಅವಳನ್ನು ಮನೆಗೆ ಬಿಟ್ಟು ಬರುತ್ತೇನೆ ಎಂದೆ. ಯಾಕೆಂದರೆ ಆ ಮಂಟಪದಲ್ಲಿ ಇನ್ನೊಂದು ನಿಮಿಷ ನಿಲ್ಲಲು ನನ್ನಿಂದ ಆಗುತ್ತಿರಲಿಲ್ಲ.

ಮಧ್ಯಾಹ್ನ ಮೂರರ ಬಸ್ಸು. ಪೇಟೆ ಬಿಟ್ಟು ಸ್ವಲ್ಪ ದೂರಕ್ಕೆಲ್ಲ ಲಾರಿಗಳ ಸಾಲಿನ ಹಿಂದೆ ನಿಂತುಬಿಟ್ಟಿತು. ಹತ್ತು ನಿಮಿಷಕ್ಕೊಮ್ಮೆ ಒಂದು ಮಾರು ಮುಂದೆ ಹೋಗುವುದು, ಮತ್ತೆ ನಿಲ್ಲುವುದು. ಇಳಿದು ನಡೆದೇಬಿಡೋಣವೇ ಎಂದು ಕಂಡಕ್ಟರನ್ನು ಎರಡು ಸಲ ಕೇಳಿದೆ. ಅವನು "ಹನ್ನೆರಡ್ ಕಿಲೋಮೀಟರ್ ಐತೆ, ಕೂತ್ಕಳಿ ಅಕ್ಕ" ಎಂದ. ಕೂತೆ. ನಮ್ಮ ಮುಂದಿನ ಸೀಟಿನಲ್ಲಿ ಮೀನಿನ ಬುಟ್ಟಿ ಖಾಲಿ ಮಾಡಿಕೊಂಡು ಊರಿಗೆ ಹೊರಟಿದ್ದ ಉಪ್ಪಿನಂಗಡಿಯ ಕಡೆಯ ಹೆಂಗಸೊಬ್ಬಳಿದ್ದಳು. ಅವಳು ತಿರುಗಿ ಹುಡುಗಿಯನ್ನು ಮಾತಿಗೆಳೆದಳು. ಐದೇ ನಿಮಿಷಕ್ಕೆ ಮಾತು ತಿರುಗುಮುರುಗಾಯಿತು. ಬೂತಾಯಿ ಅಂದ್ರೆ ಯಾವ್ದು, ಬಂಗುಡೆಗೆ ಆ ಹೆಸ್ರು ಯಾಕ್ ಬಂತು, ತುಳುವಲ್ಲಿ ಏನಂತೀರ, ನಿಮ್ಮಮ್ಮನೂ ಇದೇ ಹೆಸ್ರು ಹೇಳ್ತಿದ್ರಾ. ಸೋತು ಬಂದ ಹುಡುಗಿ ಎಂದು ಯಾರೂ ಹೇಳುವಂತಿರಲಿಲ್ಲ. ಆ ಹೆಂಗಸು ನಗುನಗುತ್ತಾ ಒಂದೊಂದಕ್ಕೂ ಸಾವಧಾನವಾಗಿ ಉತ್ತರ ಕೊಟ್ಟಳು. ಗೊತ್ತಿಲ್ಲದ್ದಕ್ಕೆ "ನನಗೆ ಗೊತ್ತಿಲ್ಲ ಮಗಳೇ" ಎಂದಳು. ನನ್ನ ಬಾಯಿಂದ ಆ ಮಾತು ನನ್ನ ಕ್ಲಾಸಿನ ಮಕ್ಕಳು ಒಮ್ಮೆಯಾದರೂ ಕೇಳಿದ್ದಾರೆಯೇ ಎಂದು ಯೋಚಿಸಿದೆ.

ನೋಟ್‌ಬುಕ್ಕು ಅವಳ ಬ್ಯಾಗಿನ ಮೇಲಿತ್ತು. ಕೈಗೆ ಏನಾದರೂ ಬೇಕಾಗಿತ್ತು, ತೆಗೆದು ತಿರುವಿದೆ. ಮೊದಲ ಪುಟಗಳಲ್ಲಿ ನಾಲ್ಕೂ ಅಂಕಣ ತುಂಬಿದ್ದವು. ಮುಂದೆ ಹೋದಂತೆ ಎರಡನೆಯ ಅಂಕಣದಲ್ಲಿ ಅಲ್ಲಲ್ಲಿ ಖಾಲಿ ಜಾಗ ಕಾಣತೊಡಗಿತು, ಆಮೇಲೆ ಪುಟಕ್ಕೆ ಹತ್ತು, ಹದಿನೈದು. ನನ್ನ ಪಟ್ಟಿಯಲ್ಲಿರದ, ಅವಳೇ ನಿಘಂಟಿನಲ್ಲಿ ಕಂಡುಕೊಂಡ ಪದಗಳು ಅವು. ಪದವಿದೆ, ಅರ್ಥವಿದೆ, ಊರಿದೆ, ಅದನ್ನು ಬಾಯಲ್ಲಿ ಹೇಗೆ ಹೇಳಬೇಕೆಂಬುದು ಇಲ್ಲ. ನಿಘಂಟಿನ ಉಚ್ಚಾರಣೆಯ ಗುರುತುಗಳು ಅವಳಿಗೆ ಓದಲು ಬರುತ್ತಿರಲಿಲ್ಲ. ಮನೆಯಲ್ಲಿ ಅವರಪ್ಪನ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಹೇಳಿಕೊಡಬಹುದಾಗಿದ್ದವಳು ನಾನೊಬ್ಬಳೇ. ಸಿ ಅಕ್ಷರದ ಪುಟದಲ್ಲಿ ಅಂದಿನ ಪದವೂ ಇತ್ತು. ಅರ್ಥದ ಎದುರು "ಆಳದ ಕಮರಿ, ನಮ್ಮ ಘಾಟಿ" ಎಂದು ಬರೆದಿದ್ದಳು. ಊರು ಗ್ರೀಕ್. ನಡುವೆ ಖಾಲಿ. ಹಾಸನದ ಆ ಕ್ಲಾಸಿನಲ್ಲಿ ನನಗಾದದ್ದು ಇನ್ನು ಯಾವ ಮಗುವಿಗೂ ಆಗಬಾರದು ಎಂದುಕೊಂಡಿದ್ದೆ, ಅದನ್ನೇ ಇವಳಿಗೆ ಮಾಡಿದ್ದೆ.

"ಇಷ್ಟೆಲ್ಲಾ ಖಾಲಿ ಬಿಟ್ಟಿದೀಯ. ನನ್ನ ಕೇಳ್ಬಾರ್ದಿತ್ತಾ?" ಎಂದೆ.

"ನಿಮ್ಗೆ ಟೈಮ್ ಇರ್ತಿರ್ಲಿಲ್ವಲ್ಲ ಮಿಸ್." ದೂರಿನ ದನಿಯಲ್ಲ, ಬಸ್ಸಿನ ವೇಳೆ ಹೇಳಿದ ಹಾಗೆ ಹೇಳಿದಳು.

"ಇವತ್ತು ಸ್ಟೇಜ್ ಮೇಲೆ? ಇವತ್ತು ಕೇಳ್ಬೌದಿತ್ತಲ್ಲ. ರೂಲೇ ಇತ್ತಲ್ಲ ಕಣೇ."

ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಬೇರೆಯವ್ರಾಗಿದ್ರೆ ಕೇಳ್ತಿದ್ದೆ ಮಿಸ್. ಮಂಗಳೂರ್ನೋರು ಬರ್ತಾರೆ ಅಂತ ಏನೇನ್ ಕೇಳ್ಬೇಕು ಅಂತ ರೆಡಿ ಮಾಡ್ಕಂಡಿದ್ದೆ. ನೀವು ಕೂತ್ರಲ್ಲ, ಹೆಂಗ್ ಕೇಳಾದು."

ಬಸ್ಸು ಒಂದು ಮಾರು ಹೋಗಿ ನಿಂತಿತು. ನನ್ನ ಕಾಲು ಕುಣಿಯುವುದನ್ನು ಬಿಟ್ಟಿತ್ತು. ನನಗೆ ಹೇಳಲು ಇದ್ದದ್ದು ಒಂದೇ ಮಾತು, ಅದನ್ನು ಹೇಳಿದೆ.

"ತಪ್ಪಾಯ್ತು ಕಣೇ. ಇನ್ಮೇಲೆ ಏನಾರ ಕೇಳ್ಬೇಕು ಅನ್ಸಿದ್ರೆ ಕೇಳು. ಈಗ್ಲೂ ಕೇಳು."

ಖಾಲಿ ಅಂಕಣದ ಪದಗಳನ್ನು ಒಂದೊಂದಾಗಿ ಕೇಳುತ್ತಾಳೆ, ಕೂತು ಎಲ್ಲವನ್ನೂ ಹೇಳಿಕೊಡೋಣ ಎಂದು ನಾನು ಪೆನ್ನನ್ನೂ ತೆಗೆದಿದ್ದೆ. ಅವಳು ನೋಟ್‌ಬುಕ್ಕಿನ ಕಡೆ ನೋಡಲೂ ಇಲ್ಲ.

"ಒಂದ್ ಕೇಳ್ಲಾ?"

"ಕೇಳು."

"ಆ ಹೊಸಕೋಟೆ ಮೇಷ್ಟ್ರು ನಾನ್ ಓದ್ತೀನಿ ಅಂತ ಎದ್ದಿದ್ರಂತೆ. ನಮ್ ಹಿಂದ್ ಕೂತಿದ್ದೋರು ಹೇಳಿದ್ರು." ಅವಳು ನಿಲ್ಲಿಸಿದಳು. ನಾನು ನಡುವೆ ಬಾಯಿ ಹಾಕಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಒಬ್ಬರ ಪ್ರಶ್ನೆ ಮುಗಿಯುವವರೆಗೂ ಕಾದೆ. "ಅವ್ರೇ ಓದ್ಲಿ ಅಂತ ನೀವ್ಯಾಕೆ ಬುಡ್ಲಿಲ್ಲ ಮಿಸ್?"

ಹೆಡ್‌ಮಾಸ್ಟರು ಒತ್ತಾಯ ಮಾಡಿದರು ಎನ್ನಬಹುದಿತ್ತು. ಅವರ ಉಚ್ಚಾರಣೆ ಸರಿಯಿಲ್ಲ, ಮಕ್ಕಳಿಗೆ ಅನ್ಯಾಯವಾಗುತ್ತಿತ್ತು ಎನ್ನಬಹುದಿತ್ತು. ಎರಡೂ ನಾಲಿಗೆಯ ತುದಿಯಲ್ಲಿದ್ದವು. ಎದುರಿಗೆ ಅವಳು, ಲಾರಿ ಡ್ರೈವರುಗಳ ಮುಖವನ್ನು ಹೇಗೆ ನೋಡುತ್ತಾಳೋ ಹಾಗೆ, ಉತ್ತರಕ್ಕಾಗಿ ನನ್ನ ಮುಖ ನೋಡುತ್ತಿದ್ದಳು.

"ಅಷ್ಟ್ ಜನದ್ ಮುಂದೆ ನಾನೇ ಓದ್ಬೇಕು ಅಂತ ಆಸೆ ಆಯ್ತು ಕಣೇ" ಎಂದೆ.

ಅವಳು ಹೂಂ ಎಂದು ತಲೆಯಾಡಿಸಿದಳು. ಮಾರನಹಳ್ಳಿ ಬರುವವರೆಗೂ ಮತ್ತೇನೂ ಕೇಳಲಿಲ್ಲ.